ಬಚ್ಚಿಟ್ಟುಕೊಂಡೇ ಬೆಳೆಯಬೇಕಾದವರಿಗೆ

ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಅಕ್ಕನ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತು, ಹೊರಬಾಗಿಲ ಚಿಲಕದ ಸದ್ದು ಕೇಳುತ್ತಲೇ ಅದನ್ನು ಬಿಚ್ಚಿ, ಮೊದಲಿದ್ದ ಮಡಿಕೆಗಳಲ್ಲೇ ಮಡಿಸಿ ಟ್ರಂಕಿಗೆ ಸೇರಿಸಲು ಕಲಿತ ಹುಡುಗರು ನಮ್ಮ ಊರುಗಳಲ್ಲಿದ್ದಾರೆ. ಎದೆ ಕಾಣದಿರಲೆಂದು ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ತೊಟ್ಟು ಶಾಲೆಗೆ ಬರುವ, ಎರಡು ಜಡೆಗೆ ರಿಬ್ಬನ್ ಕಟ್ಟಿಸಿಕೊಳ್ಳುವಾಗ ಹಲ್ಲು ಕಚ್ಚಿ ಕೂರುವ, ಎಲ್ಲರೂ ಹುಡುಗಿ ಎನ್ನುತ್ತಿದ್ದರೂ ತನ್ನೊಳಗೆ ತಾನು ಹುಡುಗನೆಂದು ಬಲ್ಲ ಮಕ್ಕಳೂ ಇದ್ದಾರೆ. ಈ ಬರಹ ಅವರಿಗಾಗಿ. ಇನ್ನೂ ಓದುತ್ತಿರುವ, ಅಪ್ಪ ಅಮ್ಮನ ಅನ್ನ ಉಣ್ಣುತ್ತಿರುವ, ಮನೆ ಬಿಟ್ಟು ಹೋಗಲು ಬೇರೆ ಜಾಗವಿಲ್ಲದ, ಸುಮಾರು ಹದಿನೈದರಿಂದ ಇಪ್ಪತ್ತಮೂರರ ನಡುವಿನವರಿಗಾಗಿ ಇದನ್ನು ಬರೆದಿದ್ದೇನೆ.

ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಇಪ್ಪತ್ತೆರಡನೆಯ ವಯಸ್ಸಿನವರೆಗೆ ಹೀಗೆ ಬದುಕಿದವಳು. ನಗರದಿಂದ ಬಂದವರು ‘ನೀನು ನೀನಾಗಿರು, ಯಾರಿಗೂ ಅಂಜಬೇಡ’ ಎಂದು ಹೇಳಿ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ. ರಾತ್ರಿ ಅದೇ ಮನೆಯಲ್ಲಿ ಮಲಗಬೇಕಾದವರು ನಾವು. ಆದ್ದರಿಂದ ಮೊದಲಿಗೇ ಹೇಳುತ್ತೇನೆ: ಬಚ್ಚಿಡುವುದು ಹೇಡಿತನವಲ್ಲ, ಮೋಸವೂ ಅಲ್ಲ. ಯಾರಿಂದ ಬಚ್ಚಿಡಬೇಕು, ಏನನ್ನು ಬಚ್ಚಿಡಬೇಕು, ಎಲ್ಲಿಯವರೆಗೆ ಬಚ್ಚಿಡಬೇಕು ಎಂಬ ಮೂರು ತೀರ್ಮಾನಗಳು ಮಾತ್ರ ನಿಮ್ಮವೇ ಆಗಿರಬೇಕು. ಇವು ಕೈತಪ್ಪಿದ ದಿನ ಗುಟ್ಟನ್ನು ನೀವು ಕಾಯುವುದರ ಬದಲು ಗುಟ್ಟು ನಿಮ್ಮನ್ನು ಕಾಯತೊಡಗುತ್ತದೆ, ಕನ್ನಡಿ ನೋಡಲೂ ಹೆದರುವ ಸ್ಥಿತಿ ಬರುತ್ತದೆ. ನಾನು ಎರಡು ವರ್ಷ ಆ ಸ್ಥಿತಿಯಲ್ಲಿದ್ದೆ.

ಇನ್ನೊಂದು ಮಾತು. ಬೀದಿಯಲ್ಲಿ ನಿಮ್ಮನ್ನು ಹೆಣ್ಣಿಗ ಎಂದಿರಬಹುದು, ಗಂಡುಬೀರಿ ಎಂದಿರಬಹುದು, ಒಂಬತ್ತು ಎಂದು ಹಿಂದಿನಿಂದ ಕೂಗಿರಬಹುದು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ (ನಾಲ್ಸಾ) ಹೂಡಿದ್ದ ಪ್ರಕರಣದಲ್ಲಿ, ವ್ಯಕ್ತಿಯೊಬ್ಬರು ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವುದು ಅವರ ಘನತೆಯ ಭಾಗವೆಂದು ತೀರ್ಪು ನೀಡಿತು. ತೊಡುವ ಬಟ್ಟೆ, ಆಡುವ ಮಾತು, ನಡೆಯುವ ರೀತಿಗಳ ಮೂಲಕ ಅದನ್ನು ತೋರಿಸಿಕೊಳ್ಳುವುದೂ ಸಂವಿಧಾನ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದಿತು. ಅದು ನಾಳೆಯೇ ನಿಮ್ಮ ಮನೆಯ ನಡುಮನೆಗೆ ಬಂದು ನಿಲ್ಲುವುದಿಲ್ಲ. ಆದರೂ ತಪ್ಪು ನಿಮ್ಮದಲ್ಲ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿದೆ ಎಂಬುದನ್ನು ತಿಳಿದುಕೊಂಡೇ ಮುಂದಿನದನ್ನು ಓದಿ.

ಯಾರಿಂದ

ಮನೆಯವರು, ನೆರೆಹೊರೆಯವರು, ಶಾಲೆ ಕಾಲೇಜಿನವರು ಎಂದು ಎಲ್ಲರನ್ನೂ ಒಂದೇ ಕಣ್ಣಿನಲ್ಲಿ ನೋಡಬೇಡಿ. ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ತೂಗಿ ನೋಡಿ. ಕಾಗದದ ಮೇಲೆ ಬರೆಯುವುದು ಬೇಡ. ಗೊತ್ತಾದರೆ ಕೈ ಎತ್ತುವವರು ಯಾರು, ಅಳುವವರು ಯಾರು, ಸುಮ್ಮನಿರುವವರು ಯಾರು, ಹೊಟ್ಟೆಯಲ್ಲಿ ಮಾತು ನಿಲ್ಲದವರು ಯಾರು? ನನ್ನ ಅನುಭವದಲ್ಲಿ ಸಿಟ್ಟಿನವರಿಗಿಂತ ಕೊನೆಯ ಬಗೆಯವರೇ ಹೆಚ್ಚು ಅಪಾಯ. ನಿಮ್ಮನ್ನು ಪ್ರೀತಿಸುವ ಚಿಕ್ಕಮ್ಮ, ನಿಮ್ಮ ಒಳ್ಳೆಯದಕ್ಕೆಂದೇ, ಮದುವೆ ಮನೆಯ ಅಡುಗೆ ಕೋಣೆಯಲ್ಲಿ ನಾಲ್ಕು ಜನರೆದುರು ಕಣ್ಣೀರಿಟ್ಟು ಹೇಳಿಬಿಡುತ್ತಾಳೆ. ಆಮೇಲೆ ಅದನ್ನು ಹಿಂದಕ್ಕೆ ತರಲು ಅವಳಿಗೂ ಆಗುವುದಿಲ್ಲ. ಅಪ್ಪಂದಿರಿಗೆ ಅನೇಕ ಸಲ ಮಗುವಿನ ನಡೆಗಿಂತ ‘ಊರವರು ಏನಂದಾರು’ ಎಂಬುದೇ ದೊಡ್ಡ ಭಯ. ಹಾಗಾಗಿ ಮನೆಯೊಳಗೆ ಅರ್ಧ ಗೊತ್ತಿದ್ದೂ ಗೊತ್ತಿಲ್ಲದಂತೆ ನಡೆದುಕೊಂಡು ಹೋಗುವ ಮನೆಗಳೂ ಬಹಳಷ್ಟಿವೆ. ಅಂಥ ಮನೆ ನಿಮ್ಮದಾಗಿದ್ದರೆ ಆ ಮೌನವನ್ನು ಒಡೆಯಲು ಅವಸರ ಮಾಡಬೇಡಿ. ಅದು ಅವರು ಕೊಡುತ್ತಿರುವ ಒಂದು ರೀತಿಯ ಜಾಗ.

ಯಾರನ್ನಾದರೂ ಪರೀಕ್ಷಿಸಬೇಕೆನ್ನಿಸಿದರೆ ನಿಮ್ಮ ವಿಷಯವನ್ನು ಮುಂದಿಡದೆ ಮೂರನೆಯವರ ಮಾತು ತೆಗೆಯಿರಿ. 2021ರಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ದೃಶ್ಯ ಹೆಚ್ಚುಕಡಿಮೆ ಎಲ್ಲರ ಫೋನಿಗೂ ಬಂದಿತ್ತು. ಅದನ್ನು ತೋರಿಸಿ, ‘ಬಳ್ಳಾರಿ ಕಡೆಯವರಂತೆ, ಜಾನಪದ ಅಕಾಡೆಮಿಗೆ ಅಧ್ಯಕ್ಷರೂ ಆಗಿದ್ದರಂತೆ’ ಎಂದಷ್ಟೇ ಹೇಳಿ ಸುಮ್ಮನಾಗಿ. ಕೇಳಿದವರು ನಕ್ಕರೋ, ಮುಖ ಸಿಂಡರಿಸಿದರೋ, ‘ಪಾಪ, ಎಷ್ಟು ಕಷ್ಟಪಟ್ಟಿರಬೇಕು’ ಎಂದರೋ ಗಮನಿಸಿ. ಒಂದು ಸಲದ ಮಾತನ್ನೇ ನಂಬಬೇಡಿ. ದೂರದವರ ಮೇಲೆ ತೋರುವ ಕನಿಕರ ಸ್ವಂತ ಮಗುವಿನ ವಿಷಯದಲ್ಲಿ ಇರದೇ ಹೋಗಬಹುದು. ಆದರೆ ದೂರದವರ ಮೇಲೂ ಇಲ್ಲದ ಕನಿಕರ ಮನೆಯಲ್ಲಿ ದಿಢೀರನೆ ಹುಟ್ಟುವುದು ಅಪರೂಪ.

ಬಟ್ಟೆ, ಕೂದಲು, ಮೈ

ಪೂರ್ತಿ ಬಚ್ಚಿಟ್ಟುಕೊಂಡು ಬದುಕಲು ಯಾರಿಂದಲೂ ಆಗುವುದಿಲ್ಲ. ಎಲ್ಲೋ ಒಂದು ಕಡೆ, ಬೆರಳ ತುದಿಯಷ್ಟಾದರೂ, ನೀವು ನೀವಾಗಿರುವ ಜಾಗ ಬೇಕೇ ಬೇಕು. ಬೂಟು ಕಾಲುಚೀಲ ಹಾಕುವ ದಿನಗಳಲ್ಲಿ ಕಾಲುಗುರಿನ ಬಣ್ಣ ಕಾಣುವುದಿಲ್ಲ. ದೇವಸ್ಥಾನಕ್ಕೋ ಯೋಗದ ತರಗತಿಗೋ ಬರಿಗಾಲಲ್ಲಿ ಹೋಗುವ ಹಿಂದಿನ ದಿನ ತೆಗೆದುಬಿಡಿ, ತೆಗೆಯುವ ದ್ರವದ ವಾಸನೆ ಕೋಣೆ ತುಂಬುವುದರಿಂದ ಆ ಕೆಲಸವನ್ನು ಮಹಡಿಯ ಮೇಲೆ ಮಾಡಿ. ಕಾಡಿಗೆಯನ್ನು ನೀರಿನಿಂದ ತೊಳೆದರೆ ಕಣ್ಣಂಚಿನಲ್ಲಿ ಕಪ್ಪು ಉಳಿಯುತ್ತದೆ. ಹಳೆಯ ಹತ್ತಿ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಆಮೇಲೆ ಸೋಪಿನಿಂದ ಮುಖ ತೊಳೆಯಿರಿ, ಮನೆಯವರೆಲ್ಲ ಬಳಸುವ ಟವೆಲ್ಲಿಗೆ ಮುಖ ಒತ್ತಬೇಡಿ. ಮೆಹಂದಿಯ ಗೋಜಿಗೆ ಹೋಗಬೇಡಿ, ವಾರ ಕಳೆದರೂ ಅಳಿಯುವುದಿಲ್ಲ. ಹುಡುಗನಾಗಿ ಬಾಳಬಯಸುವವರಿಗೆ ಇದು ಒಂದಿಷ್ಟು ಸುಲಭ. ಅಣ್ಣನ ಹಳೆಯ ಅಂಗಿ, ಗಡಿಯಾರ, ಒಳಗೆ ಗಂಡಸರ ಬನಿಯನ್ ಇವುಗಳ ಬಗ್ಗೆ ಮನೆಯವರು ತಕ್ಷಣ ತಕರಾರು ತೆಗೆಯುವುದಿಲ್ಲ.

ಕೂದಲೇ ದೊಡ್ಡ ಜಗಳ. ನಮ್ಮ ಕಡೆ ಇದಕ್ಕೊಂದು ಹಳೆಯ ದಾರಿಯಿದೆ: ಮನೆದೇವರಿಗೆ ಮುಡಿ ಕೊಡುವ ಹರಕೆ. ಹರಕೆ ಹೊತ್ತವನ ಕೂದಲು ಎಷ್ಟು ಉದ್ದವಾದರೂ ಯಾರೂ ಕತ್ತರಿಸು ಎನ್ನುವುದಿಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೋ ತಿರುಪತಿಗೋ ಹೋಗಿ ಮುಡಿ ಕೊಟ್ಟುಬಂದ ಹೆಣ್ಣುಮಕ್ಕಳ ಗಿಡ್ಡ ಕೂದಲನ್ನು ಯಾರೂ ಪ್ರಶ್ನಿಸುವುದಿಲ್ಲ, ಅದು ಮತ್ತೆ ಜಡೆಗೆ ಬರಲು ವರ್ಷಗಳೇ ಬೇಕು. ಮುಡಿ ಕೊಟ್ಟು ಬಂದು, ಜೀವನದಲ್ಲಿ ಮೊದಲ ಸಲ ಕನ್ನಡಿಯಲ್ಲಿ ತನ್ನನ್ನು ತಾನು ಕಂಡೆ ಎಂದು ಹೇಳಿದ ಹುಡುಗನೊಬ್ಬ ನನಗೆ ಗೊತ್ತು. ದೇವರ ಹೆಸರಿನಲ್ಲಿ ನೆಪ ಹೇಳಲು ಮನಸ್ಸು ಒಪ್ಪದಿದ್ದರೆ ಖಂಡಿತ ಬೇಡ. ನಾನಂತೂ ನಿಜವಾಗಿಯೇ ಹರಕೆ ಹೊತ್ತಿದ್ದೆ, ಬೇಡಿಕೊಂಡದ್ದು ಏನೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ರಂಗದ ಮೇಲಿನ ವೇಷವೂ ಅಂಥದ್ದೇ ಒಂದು ಜಾಗ. ಯಕ್ಷಗಾನದಲ್ಲಿ, ಬಯಲಾಟದಲ್ಲಿ, ಜಾತ್ರೆಯ ಸಾಮಾಜಿಕ ನಾಟಕಗಳಲ್ಲಿ ಗಂಡಸರು ಸ್ತ್ರೀಪಾತ್ರ ಮಾಡುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದದ್ದು, ಊರು ಅದನ್ನು ಮುಂದಿನ ಸಾಲಿನಲ್ಲಿ ಕುಳಿತೇ ನೋಡುತ್ತದೆ. ಆ ಕಲೆಯಲ್ಲಿ ನಿಜವಾದ ಆಸಕ್ತಿಯಿದ್ದರೆ ಮೇಳಕ್ಕೋ ನಾಟಕದ ತಂಡಕ್ಕೋ ಸೇರಿಕೊಳ್ಳಿ. ಬಣ್ಣ ಹಚ್ಚಿಕೊಳ್ಳಲು, ಸೀರೆಯ ನೆರಿಗೆ ಹಿಡಿಯಲು, ದನಿಯನ್ನು ಪಳಗಿಸಲು ಅಲ್ಲಿ ಗುರುಗಳಿರುತ್ತಾರೆ, ಯಾರೂ ಏಕೆಂದು ಕೇಳುವುದಿಲ್ಲ. ಸ್ತ್ರೀಪಾತ್ರ ಮಾಡುವವರೆಲ್ಲ ನಮ್ಮಂಥವರಲ್ಲ. ಹಾಗೆಂದು ಭಾವಿಸಿ ಸಲಿಗೆ ತೋರುವುದು ಅವರಿಗೂ ಅವಮಾನ, ನಿಮಗೂ ಅಪಾಯ. ವೇಷ ಕಟ್ಟುವ ಚೌಕಿಯಲ್ಲಿ ಯಾರಾದರೂ ಮೈಮೇಲೆ ಕೈ ಹಾಕಿದರೆ ಕಲೆಯ ಹೆಸರಿನಲ್ಲಿ ಸಹಿಸಿಕೊಳ್ಳಬೇಡಿ.

ವಸ್ತುಗಳನ್ನು ಎಲ್ಲಿಡಬೇಕು ಎಂಬ ಬಗ್ಗೆ ನಾನು ಪೆಟ್ಟು ತಿಂದೇ ಕಲಿತೆ. ಒಂದು ಡಜನ್ ಹಸಿರು ಗಾಜಿನ ಬಳೆ, ಒಂದು ರಿಬ್ಬನ್, ಒಂದು ಡಬ್ಬಿ ಪೌಡರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಟ್ಟದ ಮೇಲೆ ತಾಮ್ರದ ಹಂಡೆಯ ಹಿಂದೆ ಇಟ್ಟಿದ್ದೆ. ಯುಗಾದಿಗೆ ಮುಂಚೆ ಸುಣ್ಣ ಹೊಡೆಯುವಾಗ ಅಟ್ಟವನ್ನೆಲ್ಲ ಇಳಿಸುತ್ತಾರೆಂಬುದು ತಲೆಗೇ ಹೊಳೆದಿರಲಿಲ್ಲ. ಶಾಲೆಯಿಂದ ಬಂದು ನೋಡಿದಾಗ ಚೀಲ ಅಲ್ಲೇ ಇತ್ತು, ಆದರೆ ಬಳೆಗಳನ್ನು ಯಾರೋ ಹಳೆಯ ಪಂಚೆಯ ಚೂರಿನಲ್ಲಿ ಸದ್ದಾಗದಂತೆ ಸುತ್ತಿಟ್ಟಿದ್ದರು. ಯಾರೆಂದು ತಿಳಿಯದೆ ನಾನು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಅಟ್ಟ, ಹಾಸಿಗೆಯ ಅಡಿ, ಅಕ್ಕಿಯ ಡ್ರಮ್ಮು ಇವೆಲ್ಲ ಹಬ್ಬಕ್ಕೊಮ್ಮೆ ಬಯಲಾಗುವ ಜಾಗಗಳು. ನಿಮ್ಮ ಕೈಯಲ್ಲೇ ಇರುವ ಕಾಲೇಜಿನ ಚೀಲದ ಒಳಜೇಬು ಇವೆಲ್ಲಕ್ಕಿಂತ ಮೇಲು. ಇಡಬೇಕಾದದ್ದು ಆದಷ್ಟು ಕಡಿಮೆ ಇರಲಿ, ಕಂಡರೆ ಹೇಳಲು ಒಂದು ಸಹಜವಾದ ಕಾರಣ ಇರಲಿ: ಗ್ಯಾದರಿಂಗ್ ಡೇ ನಾಟಕದ್ದು, ಗೆಳತಿಗೆ ಉಡುಗೊರೆ ಕೊಡಲು ತಂದದ್ದು, ಹೀಗೆ. ಕೊಳ್ಳುವುದನ್ನು ನಿಮ್ಮೂರ ಅಂಗಡಿಯಲ್ಲಿ ಕೊಳ್ಳದೆ ಪಕ್ಕದ ತಾಲ್ಲೂಕಿನ ಸಂತೆಯಲ್ಲಿ ಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಪಾರ್ಸೆಲ್ ತರುವವನು ವಿಳಾಸ ಕೇಳಲು ನಿಮ್ಮ ಅಪ್ಪನನ್ನೇ ದಾರಿಯಲ್ಲಿ ನಿಲ್ಲಿಸುತ್ತಾನೆ.

ಮೈಯ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿಯೇ ಹೇಳಬೇಕಾಗಿದೆ. ಎದೆಯನ್ನು ಕ್ರೇಪ್ ಬ್ಯಾಂಡೇಜಿನಿಂದಲೋ ಪ್ಯಾಕಿಂಗ್ ಟೇಪಿನಿಂದಲೋ ಬಿಗಿಯಬೇಡಿ. ಉಸಿರಾಟಕ್ಕೆ ತೊಂದರೆಯಾಗುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುತ್ತದೆ, ಚರ್ಮ ಕಿತ್ತುಬರುತ್ತದೆ. ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ ಮತ್ತು ದೊಗಳೆ ಅಂಗಿ ಸಾಕು. ಬಿಗಿಯಾದದ್ದನ್ನು ಏನೇ ತೊಟ್ಟರೂ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಬೇಡ, ಅದನ್ನು ತೊಟ್ಟು ಮಲಗುವುದಾಗಲಿ ಓಡುವುದಾಗಲಿ ಬೇಡ, ನೋವು ಬಂದರೆ ಆ ಕ್ಷಣವೇ ತೆಗೆಯಿರಿ. ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ಹಾರ್ಮೋನೆಂದು ನುಂಗುವವರಿದ್ದಾರೆ. ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು ಬರಬಹುದು. ಶಸ್ತ್ರಚಿಕಿತ್ಸೆಯನ್ನು ಕಡಿಮೆ ದುಡ್ಡಿಗೆ, ಯಾರಿಗೂ ಗೊತ್ತಾಗದಂತೆ ಮಾಡಿಸಿಕೊಡುತ್ತೇವೆಂದು ಯಾರೇ ಹೇಳಿದರೂ, ಅವರು ನಮ್ಮ ಸಮುದಾಯದವರೇ ಆಗಿದ್ದರೂ, ಹೋಗಬೇಡಿ. ಅದಕ್ಕೆ ವೈದ್ಯರಿದ್ದಾರೆ, ಹದಿನೆಂಟು ತುಂಬಿದ ಮೇಲೆ ಕಾಲವೂ ಇದೆ.

ಫೋನು

ಇವತ್ತು ಗುಟ್ಟು ರಟ್ಟಾಗುವುದು ಅಟ್ಟದಿಂದಲ್ಲ, ಫೋನಿನಿಂದ. ಮನೆಯವರೆಲ್ಲ ಸೇರಿ ಬಳಸುವ ಒಂದೇ ಫೋನಿದ್ದರೆ ಅದರಲ್ಲಿ ಯಾವ ಖಾಸಗಿ ಹುಡುಕಾಟವನ್ನೂ ಮಾಡಬೇಡಿ. ನೀವು ನೋಡಿದ ಒಂದು ವಿಡಿಯೊದ ದೆಸೆಯಿಂದ ಅಂಥದೇ ಹತ್ತು ವಿಡಿಯೊಗಳನ್ನು ಯೂಟ್ಯೂಬ್ ನಿಮ್ಮ ಅಪ್ಪನಿಗೆ ತೋರಿಸುತ್ತದೆ. ಸ್ವಂತ ಫೋನಿದ್ದರೂ ಅದರ ಗೂಗಲ್ ಖಾತೆಯನ್ನು ಅಣ್ಣನೇ ತೆರೆದುಕೊಟ್ಟಿದ್ದರೆ ನೀವು ತೆಗೆದ ಫೋಟೊಗಳು ಅವನ ಗೂಗಲ್ ಫೋಟೋಸ್‌ಗೂ ಹೋಗುತ್ತಿರಬಹುದು. ನಿಮ್ಮದೇ ಪ್ರತ್ಯೇಕ ಖಾತೆ ಮಾಡಿಕೊಳ್ಳಿ, ಫೋಟೊ ಬ್ಯಾಕಪ್ ನಿಲ್ಲಿಸಿ, ವಾಟ್ಸಾಪ್‌ನಲ್ಲಿ ಲಿಂಕ್ ಆದ ಸಾಧನಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ತೆರೆದು ನೋಡಿ. ಇನ್‌ಸ್ಟಾಗ್ರಾಂನಲ್ಲಿ ಬೇರೆ ಹೆಸರಿನ ಖಾತೆ ತೆರೆದರೂ ಮನೆಯವರ ಬಳಿಯಿರುವ ಅದೇ ಮೊಬೈಲ್ ನಂಬರ್ ಕೊಟ್ಟು, ಫೋನ್‌ಬುಕ್ ನೋಡಲು ಅನುಮತಿ ಕೊಟ್ಟರೆ, ‘ನಿಮಗೆ ಪರಿಚಯವಿರಬಹುದು’ ಎಂದು ಅದು ನಿಮ್ಮನ್ನು ಸೋದರಮಾವನ ಮುಂದೆ ಹಾಜರುಪಡಿಸುತ್ತದೆ. ಮನೆಯಲ್ಲಿ ಯಾರ ಫೋನಿಗೂ ಬೀಗವಿಲ್ಲದಿದ್ದಾಗ ನಿಮ್ಮ ಗ್ಯಾಲರಿಗೆ ಮಾತ್ರ ಬೀಗ ಹಾಕಿದರೆ ಅದೇ ಅನುಮಾನಕ್ಕೆ ಕಾರಣ. ಬೀಗ ಹಾಕುವುದಕ್ಕಿಂತ ಒಳಗೆ ಏನೂ ಇಲ್ಲದಿರುವುದು ಮೇಲು.

ಅಲಂಕಾರ ಮಾಡಿಕೊಂಡ ಫೋಟೊ ಬೇಕೆನ್ನಿಸುತ್ತದೆ, ಅದರ ಹಂಬಲ ನನಗೆ ಗೊತ್ತಿದೆ. ತೆಗೆದುಕೊಳ್ಳಿ, ನೋಡಿ ಸಂತೋಷಪಡಿ. ಆದರೆ ಮುಖ ಮತ್ತು ಮನೆಯ ಗೋಡೆ ಎರಡೂ ಕಾಣುವ ಫೋಟೊವನ್ನು ಯಾರಿಗೂ ಕಳುಹಿಸಬೇಡಿ. ಡೇಟಿಂಗ್ ಆ್ಯಪ್‌ಗಳಲ್ಲಿ ಸುಳ್ಳು ಹೆಸರಿನಲ್ಲಿ ಮಾತಾಡಿಸಿ, ಫೋಟೊ ತರಿಸಿಕೊಂಡು, ‘ನಿಮ್ಮ ಅಪ್ಪನಿಗೆ ಕಳುಹಿಸುತ್ತೇನೆ’ ಎಂದು ಹಣ ಕೀಳುವವರ ಗುಂಪುಗಳೇ ಇವೆ. ಹದಿನೆಂಟು ತುಂಬದವರು ಅಲ್ಲಿಗೆ ಕಾಲಿಡಲೇಬಾರದು. ಸಿಕ್ಕಿಬಿದ್ದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಏಕೆಂದರೆ ಒಮ್ಮೆ ಕೊಟ್ಟವರ ಬಳಿಗೆ ಅವರು ಮತ್ತೆ ಬರುತ್ತಾರೆ. ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನೀವು ಹೇಗಿದ್ದೀರಿ ಎಂಬುದು ಅಪರಾಧವಲ್ಲ, ಬೆದರಿಸಿ ಸುಲಿಯುವುದು ಅಪರಾಧ. ಪೊಲೀಸರ ಮುಂದೆ ನಿಲ್ಲುವಾಗ ಇದು ನೆನಪಿನಲ್ಲಿರಲಿ.

ಒಬ್ಬರಿಗಾದರೂ ಹೇಳಿ

ಎಲ್ಲರಿಂದಲೂ ಬಚ್ಚಿಡುವುದು ಮಾತ್ರ ಕೂಡದು. ಒಬ್ಬರಿಗೆ, ಒಬ್ಬರಿಗಾದರೂ, ಗೊತ್ತಿರಬೇಕು. ಅವರು ಮನೆಯವರೇ ಆಗಬೇಕೆಂದಿಲ್ಲ. ಎಷ್ಟೋ ಸಲ ಬೇರೆ ಊರಿನಲ್ಲಿರುವ ಗೆಳೆಯ, ಮದುವೆಯಾಗಿ ದೂರ ಹೋದ ಅಕ್ಕ, ಕಾಲೇಜಿನ ಒಬ್ಬ ಮೇಡಂ ಹೆಚ್ಚು ಸುರಕ್ಷಿತ. ಹೇಳುವಾಗ ಉದ್ದ ಪೀಠಿಕೆ ಬೇಡ. ‘ಅಕ್ಕಾ, ನನಗೆ ನಾನು ಹುಡುಗ ಅನ್ನಿಸುವುದಿಲ್ಲ, ಚಿಕ್ಕಂದಿನಿಂದಲೂ ಹೀಗೆ. ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ, ಭಾವನಿಗೂ ಹೇಳಬೇಡ’ ಎಂಬಷ್ಟು ಸಾಕು. ಯಾರಿಗೆ ಹೇಳಬಾರದು ಎಂಬುದನ್ನು ಹೆಸರಿಟ್ಟೇ ಹೇಳಿ. ‘ಯಾರಿಗೂ ಹೇಳಬೇಡ’ ಎಂದರೆ ಗಂಡ ಅದರಲ್ಲಿ ಸೇರುವುದಿಲ್ಲವೆಂದೇ ನಮ್ಮ ಹೆಣ್ಣುಮಕ್ಕಳು ತಿಳಿಯುತ್ತಾರೆ. ನಿಮಗೆ ನೀವೇ ಇಟ್ಟುಕೊಂಡ ಹೆಸರಿದ್ದರೆ ಆ ಒಬ್ಬರ ಬಾಯಲ್ಲಿ ಅದನ್ನು ಕೇಳಿ. ಇಡೀ ವಾರ ಬೇರೆ ಹೆಸರಿಗೆ ‘ಓ’ ಎನ್ನುವವರಿಗೆ ಭಾನುವಾರದ ಆ ಒಂದು ಫೋನ್ ಕರೆ ಎಷ್ಟು ದೊಡ್ಡದೆಂದು ನಾನು ಬಲ್ಲೆ.

ಊರಿನಲ್ಲಿ ಅಂಥವರೇ ಇಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರಲ್ಲಿ ಶುರುವಾದ ಈ ಸರ್ಕಾರಿ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಹಣ ಬೇಡ. ಸಾಯಬೇಕೆನ್ನಿಸಿದ ರಾತ್ರಿ ಒಬ್ಬರೇ ಕೂರಬೇಡಿ, ಆ ನಂಬರಿಗೆ ಕರೆ ಮಾಡಿ, ಆ ಒಬ್ಬರನ್ನು ನಿದ್ದೆಯಿಂದ ಎಬ್ಬಿಸಿ. ಬೆಂಗಳೂರಿನ ಸಂಗಮ, ಜೀವ, ಒಂದೆಡೆಯಂಥ ಸಂಸ್ಥೆಗಳನ್ನು ನಡೆಸಿದವರಲ್ಲಿ, ನಿಮ್ಮದೇ ವಯಸ್ಸಿನಲ್ಲಿ ನಿಮ್ಮಂತೆಯೇ ಬಚ್ಚಿಟ್ಟುಕೊಂಡಿದ್ದವರು ಇದ್ದಾರೆ. ಮಾನಸಿಕ ತಜ್ಞರನ್ನು ಕಾಣುವುದಾದರೆ ಮೊದಲ ಭೇಟಿಯಲ್ಲೇ ‘ನಾನು ಹೇಳಿದ್ದನ್ನು ಮನೆಯವರಿಗೆ ಹೇಳುತ್ತೀರಾ’ ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಆದರೆ ನಿಮಗೆ ಹದಿನೆಂಟು ತುಂಬಿರದಿದ್ದು, ಯಾರಾದರೂ ನಿಮ್ಮ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದನ್ನು ಹೇಳಿದರೆ, ಅದನ್ನು ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯಡಿ ಅವರ ಕರ್ತವ್ಯ. ‘ಇದನ್ನು ಸರಿಪಡಿಸುತ್ತೇನೆ’ ಎನ್ನುವ ವೈದ್ಯರ ಬಳಿಗೆ ಎರಡನೆಯ ಸಲ ಹೋಗಬೇಡಿ. ಅಂಥ ಚಿಕಿತ್ಸೆಯನ್ನು ವೃತ್ತಿಯ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಕಾಲೇಜಿನಲ್ಲಿ ಕಾಟವಿದ್ದರೆ ಮನೆಗೆ ಗೊತ್ತಾಗುತ್ತದೆಂದು ನುಂಗಿಕೊಂಡಿರಬೇಡಿ. ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಗಳಿಗೆ 2016ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಲಿಂಗತ್ವದ ಕಾರಣಕ್ಕೆ ಹಿಂಸಿಸುವುದೂ ರ‍್ಯಾಗಿಂಗ್ ಎಂದು ಸೇರಿದೆ. 1800-180-5522ಕ್ಕೆ ದೂರು ಕೊಡುವಾಗ ‘ಹೊಡೆದರು, ಅಣಕಿಸಿದರು’ ಎಂದಷ್ಟೇ ಹೇಳಿದರೂ ಸಾಕು, ನಿಮ್ಮ ಒಳಗಿನದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಗೊತ್ತಾಗಿಬಿಟ್ಟರೆ

ಸಿಟ್ಟಿನಲ್ಲಿ ಕೇಳಿದ ಪ್ರಶ್ನೆಗೆ ಅದೇ ಗಳಿಗೆಯಲ್ಲಿ ಉತ್ತರ ಕೊಡಬೇಕಿಲ್ಲ. ‘ನನಗೀಗ ಮಾತಾಡಲು ಆಗುತ್ತಿಲ್ಲ, ನಾಳೆ ಹೇಳುತ್ತೇನೆ’ ಎಂಬ ಒಂದೇ ಮಾತನ್ನು ತಲೆ ತಗ್ಗಿಸಿಯಾದರೂ ಹೇಳಿ, ಮನೆಯ ಇನ್ನೊಬ್ಬ ಹಿರಿಯರಿರುವ ಕಡೆ ಹೋಗಿ ಕುಳಿತುಕೊಳ್ಳಿ. ಒಂಟಿಯಾಗಿ ಕೋಣೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳಬೇಡಿ, ಅವರು ಹಾಕಲೂ ಬಿಡಬೇಡಿ. ಪೆಟ್ಟು ಬೀಳುತ್ತಿದ್ದರೆ ಮರ್ಯಾದೆಯ ಯೋಚನೆ ಬಿಟ್ಟು ಪಕ್ಕದ ಮನೆಗೆ ಓಡಿ. ತುರ್ತು ನಂಬರ್ 112ಕ್ಕೆ ಕರೆ ಮಾಡಿ, ಹದಿನೆಂಟರ ಒಳಗಿನವರು ಮಕ್ಕಳ ಸಹಾಯವಾಣಿ 1098ಕ್ಕೂ ಮಾಡಬಹುದು. ಪೆಟ್ಟಿಲ್ಲದಿದ್ದರೆ ಎರಡು ಮೂರು ವಾರ ತಣ್ಣಗಿರಿ. ಆ ದಿನಗಳಲ್ಲಿ ಮನೆಯವರು ಆಡುವ ಮಾತುಗಳು ಅವರ ಕೊನೆಯ ಮಾತುಗಳಲ್ಲ. ನಿಮಗೆ ನಿಮ್ಮನ್ನೇ ಅರಿಯಲು ಹತ್ತು ವರ್ಷ ಹಿಡಿಯಿತು, ಅವರಿಗಿದು ಮೊದಲನೆಯ ದಿನ.

ನಮ್ಮ ಹಳ್ಳಿಗಳಲ್ಲಿ ಮುಂದೆ ನಡೆಯುವುದು ಸಾಮಾನ್ಯವಾಗಿ ಮೂರು. ಮೊದಲನೆಯದು, ಗಾಳಿ ಸೋಂಕಿದೆ ಎಂದು ಮಂತ್ರವಾದಿಯ ಬಳಿಗೆ ಕರೆದೊಯ್ಯುವುದು. ತಾಯತ ಕಟ್ಟಿದರೆ ಕಟ್ಟಿಸಿಕೊಳ್ಳಿ, ಅದರಿಂದ ಮನೆಯವರ ಮನಸ್ಸಿಗೆ ಸಮಾಧಾನವಾಗುವುದಾದರೆ ಆಗಲಿ. ಆದರೆ ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಬರೆ ಹಾಕುವುದು, ಕಟ್ಟಿಹಾಕುವುದು ಕರ್ನಾಟಕದಲ್ಲಿ 2020ರಿಂದ ಜಾರಿಯಲ್ಲಿರುವ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಂತೆ ಅಪರಾಧ. ಎರಡನೆಯದು, ಮದುವೆ. ಹೆಣ್ಣೆಂದು ಬೆಳೆಸಿದವರಿಗೆ ಇದು ತಿಂಗಳೊಳಗೇ ಬಂದೆರಗುತ್ತದೆ. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, 1098ಕ್ಕೆ ತಿಳಿಸಿದರೆ ಅಧಿಕಾರಿಗಳು ಬಂದು ನಿಲ್ಲಿಸುತ್ತಾರೆ. ವಯಸ್ಸು ತುಂಬಿದವರು ಬಿ.ಎಡ್., ನರ್ಸಿಂಗ್, ಕೆಲಸದ ಪರೀಕ್ಷೆ ಎಂದು ಓದಿನ ಅಡ್ಡಗೋಡೆ ಕಟ್ಟಿಕೊಂಡು ಕಾಲ ಗಳಿಸಿ. ಇನ್ನೊಬ್ಬರ ಬಾಳನ್ನು ನಿಮ್ಮ ಗುಟ್ಟಿಗೆ ಮುಚ್ಚಳ ಮಾಡಬೇಡಿ ಎಂಬುದೊಂದೇ ನನ್ನ ಬೇಡಿಕೆ. ಆ ಮನೆಗೆ ಬರುವ ಹುಡುಗಿಗೋ ಹುಡುಗನಿಗೋ ಆಗುವ ನೋವು ಎಣಿಕೆಗೆ ಸಿಗುವಂಥದ್ದಲ್ಲ.

ಮೂರನೆಯದು ಬಳ್ಳಾರಿ, ಕೊಪ್ಪಳ, ಬೆಳಗಾವಿ ಕಡೆಯದು: ಎಲ್ಲಮ್ಮನಿಗೋ ಹುಲಿಗೆಮ್ಮನಿಗೋ ಮುತ್ತು ಕಟ್ಟಿಸಿ, ಎಂದರೆ ದೇವಿಯ ಸೇವೆಗೆ ಒಪ್ಪಿಸಿ, ಸೀರೆಯುಡುವ ಜೋಗಪ್ಪನನ್ನಾಗಿ ಬಿಡುವುದು. ಮಂಜಮ್ಮನವರಿಗೂ ಮನೆಯವರು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದರು, ಆಮೇಲೆ ಅವರು ಮನೆಯಿಂದ ಹೊರಗಾಗಿ ಭಿಕ್ಷೆ ಬೇಡಿ ಬದುಕಿ, ಜೋಗತಿ ನೃತ್ಯ ಕಲಿತು ಮೇಲೆ ಬಂದರು. ಸೀರೆಯುಟ್ಟವರನ್ನು ಊರು ಕೈಮುಗಿದು ನೋಡುವ ಒಂದೇ ದಾರಿ ಕೆಲವೆಡೆ ಅದಾಗಿದೆ, ಆ ಪರಂಪರೆಯನ್ನು ನಾನು ಗೌರವಿಸುತ್ತೇನೆ. ಆದರೆ ಹದಿನಾರರ ಮಗುವಿಗೆ ಅದನ್ನು ಒಪ್ಪಿಸುವಾಗ ಓದು ನಿಂತುಹೋಗುತ್ತದೆ, ಮನೆಯ ಪಾಲು ಕೈತಪ್ಪುತ್ತದೆ. ಭಕ್ತಿಯಿದ್ದರೆ ಓದು ಮುಗಿಸಿ, ದುಡಿಯುವಂತಾದ ಮೇಲೆ, ನಿಮ್ಮ ಕಾಲಿನ ಮೇಲೆ ನಿಂತು ಅಮ್ಮನ ಗುಡ್ಡ ಹತ್ತಿ.

ಹೊರಡುವ ದಿನಕ್ಕೆ

ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ: ನಿಮ್ಮ ಖಾತೆಗೆ ನಿಮ್ಮ ಸಂಬಳ ಬಂದು ಮೂರು ತಿಂಗಳಾಗುವವರೆಗೆ. ಅದಕ್ಕೆ ಓದು ಬೇಕು. ಕರ್ನಾಟಕ ಸರ್ಕಾರ 2021ರಲ್ಲಿ, ದೇಶದಲ್ಲೇ ಮೊದಲಿಗೆ, ರಾಜ್ಯದ ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ತಂದಿತು. ಪಿಯುಸಿ ಬಿಟ್ಟು ಓಡಿಹೋದವರಿಗೆ ಅದು ಕೈಗೆಟುಕುವುದಿಲ್ಲ. ಹದಿನೆಂಟು ತುಂಬಿದ ಕೂಡಲೇ ನಿಮ್ಮೊಬ್ಬರ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಿರಿ. ಆಧಾರಿಗೆ ಅಪ್ಪನ ಮೊಬೈಲ್ ನಂಬರ್ ಜೋಡಣೆಯಾಗಿದ್ದರೆ ಪ್ರತಿಯೊಂದು ಒಟಿಪಿಯೂ ಅವರಿಗೇ ಹೋಗುತ್ತದೆ, ಆಧಾರ್ ಕೇಂದ್ರದಲ್ಲಿ ಅದನ್ನು ನಿಮ್ಮ ನಂಬರಿಗೆ ಬದಲಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಟಿಸಿ ಇವುಗಳ ಮೂಲಪ್ರತಿ ಕಾಲೇಜಿನ ನೆಪದಲ್ಲಿ ನಿಮ್ಮ ಕೈಗೆ ಬರಲಿ, ಒಂದು ಪ್ರತಿ ಡಿಜಿಲಾಕರ್‌ನಲ್ಲಿರಲಿ.

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯಡಿ ಜಿಲ್ಲಾಧಿಕಾರಿಯಿಂದ ಪಡೆಯುವ ಗುರುತಿನ ಪ್ರಮಾಣಪತ್ರಕ್ಕೆ ಮನೆಯಲ್ಲಿದ್ದುಕೊಂಡೇ ಅರ್ಜಿ ಹಾಕುವ ಅವಸರ ಬೇಡ. ಹದಿನೆಂಟರ ಒಳಗೆ ಅದಕ್ಕೆ ಪೋಷಕರೇ ಸಹಿ ಹಾಕಬೇಕು, ಆಮೇಲೂ ಆ ಕಾಗದ ಮನೆಯ ವಿಳಾಸಕ್ಕೆ ಬಂದು ಯಾರ ಕೈಗೋ ಸಿಗಬಹುದು. ಆಧಾರಿನಲ್ಲಿ ಲಿಂಗವನ್ನು ಒಮ್ಮೆ ಮಾತ್ರ ಬದಲಿಸಬಹುದಾದ್ದರಿಂದ ಯೋಚಿಸಿ ಮಾಡಿ. ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಅರ್ಜಿಗೆ ಮುನ್ನ 15100ಕ್ಕೆ ಕರೆ ಮಾಡಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರನ್ನು ಉಚಿತವಾಗಿ ಕೇಳಿ. ಲಿಂಗತ್ವದ ಕಾರಣಕ್ಕೆ ಮನೆಯಿಂದ ಹೊರಹಾಕುವುದನ್ನೂ ಅದೇ ಕಾಯ್ದೆ ಅಪರಾಧವೆಂದಿದೆ. ಅಪ್ಪ ಅಮ್ಮನ ಮೇಲೆ ಅದನ್ನು ಬಳಸಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ಬಳಸಬೇಕಾಗಿ ಬಂದವರನ್ನು ತಪ್ಪೆನ್ನಲೂ ಆಗುವುದಿಲ್ಲ.

ಹದಿನೆಂಟು ತುಂಬುವ ಮುನ್ನ ಓಡಿಹೋಗಬೇಡಿ. ನಿಮಗೆ ಆಶ್ರಯ ಕೊಟ್ಟವರ ಮೇಲೆಯೇ ಅಪಹರಣದ ಮೊಕದ್ದಮೆ ಬೀಳುತ್ತದೆ. ಮನೆಯಲ್ಲಿರಲು ಸಾಧ್ಯವೇ ಇಲ್ಲದಷ್ಟು ಹಿಂಸೆಯಿದ್ದರೆ 1098ರ ಮೂಲಕ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ. ಹದಿನೆಂಟು ತುಂಬಿದವರು ಹೊರಟ ದಿನವೇ ‘ನಾನು ವಯಸ್ಕ, ಸ್ವಇಚ್ಛೆಯಿಂದ ಹೋಗುತ್ತಿದ್ದೇನೆ, ನನ್ನನ್ನು ಯಾರೂ ಅಪಹರಿಸಿಲ್ಲ’ ಎಂದು ಬರೆದು, ವಯಸ್ಸಿನ ದಾಖಲೆಯ ಪ್ರತಿಯೊಂದಿಗೆ ನಿಮ್ಮೂರ ಪೊಲೀಸ್ ಠಾಣೆಗೆ ಅಂಚೆ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಕಾಣೆಯಾಗಿದ್ದಾರೆಂಬ ದೂರು ಬಂದಾಗ ಆ ಕಾಗದ ಮಾತಾಡುತ್ತದೆ. ಮುಖ್ಯವಾದ ನಾಲ್ಕು ನಂಬರುಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ, ಫೋನನ್ನು ಕಿತ್ತುಕೊಳ್ಳಬಹುದು.

ಹೊರಗೆ ಹೋದವರು ಒಂದು ದಿನ ಮನೆಗೆ ಮರಳುತ್ತಾರೆ, ಹಬ್ಬಕ್ಕೋ ಯಾರದೋ ಸಾವಿಗೋ. ಆ ಮೊದಲ ಭೇಟಿಗೂ ತಯಾರಿ ಬೇಕು. ಬೆಳಗಿನ ಬಸ್ಸಿಗೆ ಹೋಗಿ, ಸಂಜೆಯ ಕೊನೆಯ ಬಸ್ಸಿನ ಸಮಯ ಕೇಳಿಕೊಂಡಿರಿ, ಊರಿನಲ್ಲಿ ಒಬ್ಬರಿಗೆ ಮುಂಚೆಯೇ ತಿಳಿಸಿರಿ, ಮೂಲ ದಾಖಲೆಗಳನ್ನು ಒಯ್ಯಬೇಡಿ. ಏನನ್ನು ತೊಟ್ಟು ಹೋಗಬೇಕೆಂಬುದು ನಿಮಗೆ ಬಿಟ್ಟದ್ದು. ನಾನು ಆ ಸಲ ಪ್ಯಾಂಟು ಅಂಗಿಯಲ್ಲೇ ಹೋದೆ, ಕಿವಿಗೆ ಮಾತ್ರ ಸಣ್ಣ ಓಲೆ ಹಾಕಿಕೊಂಡಿದ್ದೆ. ಅಪ್ಪ ಹೊಲಕ್ಕೆ ಹೋದವರು ಸಂಜೆಯವರೆಗೂ ಬರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ, ಆ ಪಂಚೆಯ ಚೂರು ನಿಮ್ಮಜ್ಜಂದು, ಇನ್ನೂ ಇಟ್ಟೀಯೇನು ಎಂದು ಕೇಳಿದಳು. ಐದೂವರೆಯ ಬಸ್ಸು ನನಗೆ ತಪ್ಪಿತು, ಏಳರದು ಸಿಕ್ಕಿತು.